ಕೈಗೆ ಕೊಡುವ ಹೂವು

ಓದುವ ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು ಮೂವತ್ತೊಂದನೇ ವಯಸ್ಸಿನಲ್ಲಿ, ಅದೂ ಹೆಂಡತಿ ಎದುರಿಗೆ ಕೂತು ಓದಿಸಿದ್ದಕ್ಕೆ. ಈಗ ಮಗಳು ಫೋನಿಗೆ ಕನ್ನಡ ಕೀಬೋರ್ಡು ಹಾಕಿಕೊಟ್ಟಿದ್ದಾಳೆ. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುತ್ತೇನೆ. ಒತ್ತಕ್ಷರ ಬಂದರೆ ಬೆವರುತ್ತೇನೆ. ಇಷ್ಟು ಬರೆಯುವುದಕ್ಕೆ ಮೂರು ವಾರ ಹಿಡಿದಿದೆ. ತಪ್ಪು ಕಂಡರೆ ಕ್ಷಮಿಸಿ, ತಿದ್ದಿಕೊಂಡು ಓದಿ.

ಬರೆಯಲು ಹೊರಟಿರುವುದು ನನ್ನ ಜೊತೆ ಐದು ವರ್ಷ ಕೆಲಸ ಮಾಡಿದ ಒಬ್ಬ ಹೆಂಗಸಿನ ಬಗ್ಗೆ. ಥಾಯ್ಲೆಂಡಿನವರು. ಹೆಸರು ಬರೆಯುವುದಿಲ್ಲ, ಅವರ ಮಗಳು ಬೇಡ ಅಂದಿದ್ದಾಳೆ. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಅವರು ನನ್ನನ್ನು ನೋಂಗ್ ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ಹಾಗಂದರೆ ತಮ್ಮ. ಉಳಿದಂತೆ ನಮ್ಮಿಬ್ಬರ ನಡುವೆ ಇದ್ದದ್ದು ಹರಕು ಇಂಗ್ಲಿಷು. ಅವರು ಅರ್ಧ ಹೇಳೋರು, ನಾನು ಅರ್ಧ ಅರ್ಥ ಮಾಡಿಕೊಳ್ಳುತ್ತಿದ್ದೆ, ಕೆಲಸ ಪೂರ್ತಿ ಆಗುತ್ತಿತ್ತು. ಆ ಮಾತನ್ನೆಲ್ಲ ಇಲ್ಲಿ ಕನ್ನಡ ಮಾಡಿ ಹಾಕಿದ್ದೇನೆ.

ನಮ್ಮದು ನಂಜನಗೂಡು. ಹೆಂಡತಿ ನರ್ಸು. ಅವಳ ಕೆಲಸದ ಮೇಲೆ ನಾವು ಸಿಯಾಟಲ್ ಕಡೆ ಬಂದೆವು. ಟೋಟೆಮ್ ಲೇಕ್‌ನಲ್ಲಿ ಬಾಡಿಗೆ ಅಪಾರ್ಟ್‌ಮೆಂಟು. ಅಕ್ಕಪಕ್ಕದ ಕನ್ನಡದವರೆಲ್ಲ ರೆಡ್ಮಂಡಿನಲ್ಲಿ ಕಂಪ್ಯೂಟರ್ ಕೆಲಸದವರು. ಯಾರಾದರೂ "ನೀವೆಲ್ಲಿ ವರ್ಕ್ ಮಾಡ್ತಿದೀರಾ?" ಅಂತ ಕೇಳಿದರೆ ನಾನು "ಡುವಾಲ್" ಅನ್ನುತ್ತಿದ್ದೆ.

"ಅಲ್ಲಿ ಯಾವ ಕಂಪ್ನಿ ಇದೆ?"

"ಗಿಡದ್ದು."

ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಅದೊಂದು ನರ್ಸರಿ. ಪ್ಲಾಸ್ಟಿಕ್ ಹೊದಿಸಿದ ಐದು ಗ್ರೀನ್‌ಹೌಸು, ಮುಂದೆ ಒಂದು ಅಂಗಡಿ. 2012ರ ಜೂನಿನಲ್ಲಿ ನಾನು ಕೆಲಸಕ್ಕೆ ಸೇರಿದ ದಿನ ಯಜಮಾನರು ಮೂರನೇ ಗ್ರೀನ್‌ಹೌಸಿಗೆ ಕಳಿಸಿದರು. ಬಾಗಿಲು ತೆಗೆದ ತಕ್ಷಣ ಕಾಲು ನಿಂತುಬಿಟ್ಟಿತು. ಮಲ್ಲಿಗೆ ವಾಸನೆ. ಊರು ಬಿಟ್ಟು ಒಂದೂವರೆ ವರ್ಷವಾಗಿತ್ತು. ಹೀಟರ್ ಪಕ್ಕದ ಮೂಲೆಯಲ್ಲಿ ಆರು ಕುಂಡ, ಅದೇ ದುಂಡು ಎಲೆ, ಅದೇ ಬಿಳಿ ಮೊಗ್ಗು. ನಾನು ಹೋಗಿ ಬಗ್ಗಿ ಮೂಗು ಇಟ್ಟೆ.

"ಮೂಸಬೇಡ!"

ಬೆಚ್ಚಿ ತಿರುಗಿದರೆ ಎರಡು ಸ್ವೆಟರ್ ಹಾಕಿಕೊಂಡ ಕುಳ್ಳಗಿನ ಹೆಂಗಸು. ಜೂನಿನಲ್ಲಿ ಎರಡು ಸ್ವೆಟರ್. ಕೈಯಲ್ಲಿ ನೀರಿನ ಪೈಪು. ಪೈಪನ್ನು ನನ್ನ ಕಡೆಗೇ ಹಿಡಿದಿದ್ದರು.

"ಅದು ಬುದ್ಧನಿಗೆ, ಅಮ್ಮನಿಗೆ. ನೀನು ಮೂಸಿದರೆ ಅವರಿಗೇನು ಉಳೀತು?"

ನನಗೆ ನಗು ಬಂತು. ನಮ್ಮಮ್ಮ ನಂಜನಗೂಡಿನ ಬಸ್ ಸ್ಟ್ಯಾಂಡಿನ ಪಕ್ಕ ಹೂವು ಮಾರುವವಳು. ದೇವರ ಹೂವನ್ನು ಮೂಸಿದೆ ಅಂತ ಚಿಕ್ಕಂದಿನಲ್ಲಿ ಅವಳ ಕೈಯಲ್ಲಿ ಎಷ್ಟು ಸಲ ತಲೆಗೆ ಮೊಟಕಿಸಿಕೊಂಡಿದ್ದೇನೋ. ಹಿಂದೆ ಸರಿಯುವಾಗ ನನ್ನ ಕಾಲು ನೀರಿನ ಕ್ಯಾನಿಗೆ ತಾಗಿತು. ಅಭ್ಯಾಸಬಲ, ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಅವರು ಪೈಪು ಕೆಳಗಿಳಿಸಿದರು.

"ಓ, ನೀನು ನಮ್ಮವನೇ."

ಅವತ್ತಿನಿಂದ ನಾನು ನೋಂಗ್.

ಅಕ್ಕನ ಕೆಲಸ ನೋಡಬೇಕಿತ್ತು. ಗಿಡಕ್ಕೆ ನೀರು ಹಾಕುವ ಮುಂಚೆ ಬೆರಳನ್ನು ಮಣ್ಣಿನೊಳಗೆ ಇಳಿಸಿ ತಲೆ ಓರೆ ಮಾಡಿಕೊಂಡು ನಿಲ್ಲೋರು, ಮಣ್ಣು ಏನೋ ಹೇಳುತ್ತಿದೆ ಅನ್ನುವ ಹಾಗೆ. "ಮೊದಲು ಕೇಳು, ಆಮೇಲೆ ಹಾಕು" ಅನ್ನೋರು. ಹೇಳಿದ ಮಾತು ಕೇಳದ ಗಿಡದ ಕುಂಡಕ್ಕೆ ಅಂಗೈಯಿಂದ ಪಟ್ ಅಂತ ಒಂದು ಹೊಡೆದು, ಅವರ ಭಾಷೆಯಲ್ಲಿ ಬೈದು, ಆಮೇಲೆ ಎಲೆ ಒರೆಸೋರು. ಮಧ್ಯಾಹ್ನ ಊಟದ ಹೊತ್ತಿಗೆ ಮಾವಿನಕಾಯಿ ಹೋಳನ್ನು ಉಪ್ಪು ಖಾರ ಸಕ್ಕರೆಯಲ್ಲಿ ಅದ್ದಿ ತಿನ್ನೋರು, ನನಗೂ ಕೊಡೋರು. ನಾನು ಕಾಲು ಚಾಚಿ ಕೂತರೆ ಕಣ್ಣಲ್ಲೇ ಗದರೋರು. ಕಾಲಿನ ತುದಿ ಯಾರ ಕಡೆಗೂ ತಿರುಗಬಾರದು, ಗಿಡದ ಕಡೆಗೂ.

ವರ್ಷದಲ್ಲಿ ನರ್ಸರಿಗೆ ಹೆಚ್ಚು ಕೆಲಸ ಮೇ ತಿಂಗಳಲ್ಲಿ. ಇಲ್ಲಿಯ ತಾಯಂದಿರ ದಿನ ಆಗಲೇ. ಎಲ್ಲರೂ ಬಂದು ಅಮ್ಮನಿಗೆ ಅಂತ ತೂಗುಬುಟ್ಟಿ ಹೂವು ಕೊಂಡುಹೋಗುತ್ತಾರೆ. ಆ ಬುಟ್ಟಿಗಳನ್ನು ಫೆಬ್ರವರಿಯಿಂದಲೇ ನೆಡುವವರು ನಾವಿಬ್ಬರು. "ಮೇ ತಿಂಗಳು ಬೇರೆಯವರ ಅಮ್ಮಂದಿರದ್ದು. ನಮ್ಮದು ಆಗಸ್ಟ್" ಅನ್ನೋರು ಅಕ್ಕ.

ಅವರ ದೇಶದಲ್ಲಿ ತಾಯಂದಿರ ದಿನ ಆಗಸ್ಟ್ ಹನ್ನೆರಡು, ಅವರ ರಾಣಿಯ ಹುಟ್ಟುಹಬ್ಬ. ಶಾಲೆಗೆ ಅಮ್ಮಂದಿರನ್ನು ಕರೆದು ಸಾಲಾಗಿ ಕುರ್ಚಿಯ ಮೇಲೆ ಕೂರಿಸುತ್ತಾರಂತೆ. ಮಕ್ಕಳು ಮಂಡಿಯೂರಿ ಬಂದು, ಮಲ್ಲಿಗೆ ಹಾರವನ್ನು ಅಮ್ಮನ ಕೈಗೆ ಕೊಟ್ಟು, ಪಾದಕ್ಕೆ ತಲೆಯಿಟ್ಟು, ಆ ವರ್ಷ ಮಾಡಿದ ತಪ್ಪಿಗೆಲ್ಲ ಕ್ಷಮೆ ಕೇಳಬೇಕು. ಅಮ್ಮ ತಲೆ ಸವರಿ ಎಬ್ಬಿಸುತ್ತಾಳೆ. ಅಷ್ಟೇ. ಅಷ್ಟಕ್ಕೇ ಇಡೀ ಶಾಲೆ ಅಳುತ್ತದಂತೆ.

"ನಮ್ಮಮ್ಮ ರೈಲ್ವೆ ಸ್ಟೇಷನ್ನಿನಲ್ಲಿ ಬಾಳೆಹಣ್ಣು ಸುಟ್ಟು ಮಾರ್ತಿದ್ದಳು. ಅವಳ ಬಟ್ಟೆ ತುಂಬಾ ಹೊಗೆ ವಾಸನೆ. ನಾನು ಬೇಗ ಬೇಗ ಹಾರ ಕೊಟ್ಟು ಎದ್ದು ಓಡಿಬಿಟ್ಟೆ. ಗೆಳತಿಯರು ಮೂಸಿಬಿಟ್ಟರೆ ಅಂತ." ಇದನ್ನು ಹೇಳುವಾಗ ಅಕ್ಕ ಕುಂಡ ತೊಳೆಯುತ್ತಿದ್ದರು. ತೊಳೆದ ಕುಂಡವನ್ನೇ ಮತ್ತೆ ತೊಳೆದರು.

ಆ ಆರು ಕುಂಡ ಇದ್ದದ್ದು ಆ ಒಂದು ದಿನಕ್ಕೆ. ಈ ಚಳಿಯ ಸೀಮೆಯಲ್ಲಿ ಮಲ್ಲಿಗೆಯನ್ನು ಬದುಕಿಸಿ, ಸರಿಯಾಗಿ ಆಗಸ್ಟ್ ಎರಡನೇ ವಾರಕ್ಕೆ ಮೊಗ್ಗು ಬಿಡಿಸುವುದು ಸುಲಭದ ಮಾತಲ್ಲ. ಯಾವಾಗ ಕತ್ತರಿಸಬೇಕು, ಯಾವಾಗ ನೀರು ಕಟ್ಟಬೇಕು, ಎಲ್ಲ ಅವರಿಗೆ ಬೆರಳ ತುದಿಯಲ್ಲಿತ್ತು. ಹಿಂದಿನ ದಿನ ಮೊಗ್ಗು ಬಿಡಿಸಿ ಗೇಣುದ್ದದ ಸೂಜಿಯಲ್ಲಿ ಪೋಣಿಸಿ, ಕೊನೆಗೆ ಒಂದು ಕೆಂಪು ಗುಲಾಬಿ ಕಟ್ಟಿ, ಎರಡು ಹಾರ ಮಾಡೋರು. ನಾನು ಪಕ್ಕದಲ್ಲಿ ಕೂತು ನಮ್ಮ ಕಡೆಯ ಹಾಗೆ ದಾರ ಕಾಲ್ಬೆರಳಿಗೆ ಸಿಗಿಸಿ, ಎರಡೆರಡೇ ಮೊಗ್ಗು ಇಟ್ಟು ಬೆರಳಲ್ಲೇ ಗಂಟು ಹಾಕಿ ಕಟ್ಟಿ ತೋರಿಸಿದೆ. ಅವರು ಒಂದು ಹಾರ ಮುಗಿಸುವುದರಲ್ಲಿ ನಾನು ಒಂದು ಮೊಳ ಮುಗಿಸಿದೆ.

"ಬೇಗ ಆಯ್ತು" ಅಂದರು ಅಕ್ಕ, "ಆದರೆ ನಿಂದು ಹಗ್ಗ, ನಂದು ಹಾರ." ಆಮೇಲೆ ಕೇಳಿದರು, "ನಿಮ್ಮಮ್ಮನಿಗೆ ಯಾವಾಗಾದರೂ ಕೊಟ್ಟಿದ್ದೀಯಾ?"

"ನಮ್ಮಮ್ಮ ಮುಡಿಯಲ್ಲ ಅಕ್ಕ. ಅಪ್ಪ ತೀರಿಹೋಗಿ ಇಪ್ಪತ್ತೆಂಟು ವರ್ಷ ಆಯ್ತು."

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಗಂಡ ಸತ್ತ ಹೆಂಗಸು ನಮ್ಮ ಕಡೆ ಹೂವು ಮುಡಿಯುವುದಿಲ್ಲ ಅಂತ. ಅಕ್ಕ ಸೂಜಿ ಕೆಳಗಿಟ್ಟರು.

"ದಿನಾ ಹೂವು ಕಟ್ಟುತ್ತಾಳೆ. ಅವಳಿಗೆ ಇಲ್ಲ?"

"ಇಲ್ಲ."

"ನಾನು ತಲೆಗೆ ಅಂದೆನಾ? ಕೈಗೆ ಅಂದೆ. ಕೈಗೂ ಗಂಡ ಬೇಕಾ?"

ಊರಿನಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಅಕ್ಕನಿಗೆ ಮಗಳಿದ್ದಾಳೆ ಅಂತ ನನಗೆ ಗೊತ್ತಾಗಿದ್ದು ಎರಡು ವರ್ಷ ಕಳೆದ ಮೇಲೆ. 2014ರ ಆಗಸ್ಟಿನಲ್ಲಿ ನಮ್ಮ ಮನೆಯವರನ್ನೆಲ್ಲ ಅವರ ದೇವಸ್ಥಾನಕ್ಕೆ ಕರೆದಿದ್ದರು. ಹನ್ನೆರಡಕ್ಕೆ ಹತ್ತಿರದ ಭಾನುವಾರ ಇಲ್ಲಿಯ ಥಾಯ್ ಜನ ಅಲ್ಲಿ ಸೇರುತ್ತಾರೆ. ಎಲ್ಲ ಹೆಂಗಸರೂ ತಿಳಿನೀಲಿ ಬಟ್ಟೆ. ದೇವಸ್ಥಾನದ ಹಾಲ್‌ನಲ್ಲಿ ಕುರ್ಚಿ ಸಾಲು. ಅಕ್ಕ ಕೊನೆಯ ಕುರ್ಚಿಯಲ್ಲಿ ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಮಂಡಿಯೂರಿ ಬಂದರು. ಅಕ್ಕನ ಮುಂದೆ ಯಾರೂ ಬರಲಿಲ್ಲ. ಪಕ್ಕದವರ ಹುಡುಗಿ ಒಬ್ಬಳು ಪಾಪ ಅಂತ ಇವರ ಕಡೆಗೂ ತಿರುಗಿದಳು. ಅಕ್ಕ ಅವಳ ಗಲ್ಲ ಹಿಡಿದು ವಾಪಸ್ ತಿರುಗಿಸಿದರು. ಎಲ್ಲ ಮುಗಿದ ಮೇಲೆ ಡಬ್ಬಿಯನ್ನು ಹಾಗೇ ಕಾರಿನಲ್ಲಿದ್ದ ಐಸ್ ಪೆಟ್ಟಿಗೆಗೆ ಇಟ್ಟರು. ಒಳಗೆ ಒಂದು ಹಾರ ಇತ್ತು. ಇನ್ನೊಂದು ಬುದ್ಧನಿಗೆ ಹೋಗಿತ್ತು.

"ಇದು ಯಾರಿಗೆ ಅಕ್ಕ?" ಅಂದೆ.

"ನನಗೆ" ಅಂದರು. "ಮಗಳು ಬಂದರೆ ಬರಿಗೈಲಿ ಬಂದುಬಿಟ್ಟಾಳು. ಅವಳಿಗೆ ಮಲ್ಲಿಗೆ ಎಲ್ಲಿ ಸಿಗಬೇಕು? ಅದಕ್ಕೆ ನಾನೇ ತಂದಿರ್ತೀನಿ."

ಕಾರಿಗೆ ಒರಗಿಕೊಂಡು ಅಲ್ಲೇ ಹೇಳಿದರು. ಹತ್ತು ವರ್ಷದ ಹಿಂದೆ ಇದೇ ಹಾಲಿನಲ್ಲಿ, ಮಗಳಿಗೆ ಹದಿನಾರು. ಹಾರ ಹಿಡಿದು ಮುಂದೆ ಬಂದವಳು ಮಂಡಿಯೂರಲಿಲ್ಲ. ಎಲ್ಲರ ಎದುರಿಗೆ ಇಂಗ್ಲಿಷಿನಲ್ಲಿ ಅಂದಳಂತೆ: "ಅಪ್ಪ ಬಿಟ್ಟುಹೋದ, ನೀನು ಎರಡೆರಡು ಕೆಲಸ ಅಂತ ಹೋದೆ, ನನ್ನನ್ನು ಬೆಳೆಸಿದ್ದು ಟೀವಿ. ಕ್ಷಮೆ ಕೇಳಬೇಕಾದ್ದು ನಾನಾ, ನೀನಾ?" ಅಕ್ಕ ಅವಳ ಕೈಯಿಂದ ಹಾರ ಕಿತ್ತುಕೊಂಡು ದಾರ ಹರಿದುಬಿಟ್ಟರು. ಮೊಗ್ಗೆಲ್ಲ ನೆಲದ ತುಂಬ ಚೆಲ್ಲಿದವು. ಹೈಸ್ಕೂಲು ಮುಗಿದ ತಿಂಗಳೇ ಮಗಳು ಮನೆ ಬಿಟ್ಟಳು. ಈಗ ರೆಡ್ಮಂಡಿನಲ್ಲಿ ಎಲ್ಲೋ ಆಫೀಸಿನಲ್ಲಿದ್ದಾಳೆ. ಹೊಸ ವರ್ಷಕ್ಕೆ ಎರಡು ನಿಮಿಷ ಫೋನು.

"ದುಡಿಯೋದನ್ನ ಅವಳು ತಪ್ಪು ಅಂದಳು, ಅದಕ್ಕೆ ಸಿಟ್ಟು ಬಂತು. ಆದರೆ ನೋಂಗ್, ಹಾರ ಹರಿದದ್ದು ನಾನು. ಅವಳಲ್ಲ." ಮಗಳು ಒಂದು ಸಲ ಬಂದು ಎದುರಿಗೆ ಕೂರಬೇಕು, ಹಾರವನ್ನು ತಾನು ಕೈಯಲ್ಲಿ ತೆಗೆದುಕೊಳ್ಳಬೇಕು. ಅಕ್ಕನಿಗೆ ಬದುಕಿನಲ್ಲಿ ಬೇಕಾಗಿದ್ದು ಅದೊಂದೇ.

ಮಾರನೇ ವರ್ಷ ಮೇ ತಿಂಗಳು, ತಾಯಂದಿರ ದಿನದ ಹಿಂದಿನ ಶನಿವಾರ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಒಬ್ಬ ಹುಡುಗಿ ಕೌಂಟರಿನ ಹತ್ತಿರ ಬಹಳ ಹೊತ್ತು ನಿಂತಿದ್ದಳು. ಕೊನೆಗೆ ಒಂದು ದೊಡ್ಡ ತೂಗುಬುಟ್ಟಿ ಆರಿಸಿದಳು, ತನ್ನ ಗೆಳೆಯನ ತಾಯಿಗೆ ಅಂತೆ. ಅವಳ ಪುಟ್ಟ ಕಾರಿನಲ್ಲಿ ಅದು ಹಿಡಿಸಲಿಲ್ಲ. ಅವಳು ತನ್ನ ಮನೆಯ ವಿಳಾಸ ಬರೆದುಕೊಟ್ಟ ಚೀಟಿ ನೋಡಿದರೆ ಟೋಟೆಮ್ ಲೇಕ್, ನಮ್ಮ ಮನೆಯಿಂದ ಎರಡು ತಿರುವು. "ಸಂಜೆ ನಾನೇ ತಂದುಕೊಡ್ತೀನಿ" ಅಂದೆ. ಹಿಂದೆ ಬಂದರೆ, ಅಕ್ಕ ಮೂರನೇ ಗ್ರೀನ್‌ಹೌಸಿನ ಪ್ಲಾಸ್ಟಿಕ್ ಪರದೆಯ ಹಿಂದೆ ನಿಂತಿದ್ದರು. ಕೈಯಲ್ಲಿ ಮಣ್ಣು ಹಾಗೇ ಇತ್ತು.

"ಅವಳೇ" ಅಂದರು.

"ಅಯ್ಯೋ, ಹೋಗಿ ಮಾತಾಡಿ ಅಕ್ಕ! ಇನ್ನೂ ಕಾರು ಹೊರಟಿಲ್ಲ."

ಹೋಗಲಿಲ್ಲ. ಕಾರು ತಿರುಗಿ ರಸ್ತೆಗೆ ಸೇರುವ ತನಕ ನೋಡಿ, "ಆ ಬುಟ್ಟಿ ನೆಟ್ಟಿದ್ದು ನಾನು" ಅಂದರು. ಕೈಯ ಮಣ್ಣು ಒರೆಸಿಕೊಳ್ಳುತ್ತ, "ನೀರು ಜಾಸ್ತಿ ಹಾಕಬೇಡ ಅಂತ ಹೇಳಿದೆಯಾ?"

ಇಲ್ಲಿಂದ ಮುಂದೆ ನನ್ನ ತಪ್ಪು.

ನಾನು ಊರಿನವನು. ನಮ್ಮಲ್ಲಿ ಇಬ್ಬರು ಮಾತು ಬಿಟ್ಟರೆ ಮೂರನೆಯವನು ಹೋಗಿ ಕೂರಿಸಿ ರಾಜಿ ಮಾಡಿಸುತ್ತಾನೆ. ಆ ಆಗಸ್ಟಿನಲ್ಲಿ ಅಕ್ಕ ಮೂರು ಹಾರ ಮಾಡಿದರು. ಒಂದನ್ನು ಡಬ್ಬಿಯಲ್ಲಿ ಹಾಕಿ ನನಗೆ ಕೊಟ್ಟು, "ನಿನ್ನ ಮಗಳ ಕೈಲಿ ನಿನ್ನ ಹೆಂಡತಿಗೆ ಕೊಡಿಸು" ಅಂದರು. ನಾನು ಕಾರು ಹತ್ತಿದೆ. ಟೋಟೆಮ್ ಲೇಕ್ ಬಂತು. ನಮ್ಮ ಮನೆಯ ತಿರುವು ದಾಟಿ ಮುಂದೆ ಹೋಗಿ ಆ ಹುಡುಗಿಯ ಬಾಗಿಲು ತಟ್ಟಿದೆ.

"ಬುಟ್ಟಿಯವರಲ್ವಾ ನೀವು?" ಅಂದಳು.

"ಹೌದು. ಇದು ನಿಮ್ಮಮ್ಮ ಕಳಿಸಿದ್ದು. ನಾಳೆ ದೇವಸ್ಥಾನಕ್ಕೆ ಬನ್ನಿ, ಇದನ್ನ ಅವರ ಕೈಗೆ ಕೊಡಿ. ಅಷ್ಟು ಸಾಕು ಅವರಿಗೆ."

ಕಳಿಸಿದ್ದು ಅಂತ ಸುಳ್ಳು ಹೇಳಿದೆ. ಒಳ್ಳೆಯದಕ್ಕೆ ಅಂತ ಹೇಳಿದೆ. ಅವಳು ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಮೂಸಲಿಲ್ಲ. ಅದನ್ನು ನಾನು ಗಮನಿಸಿದೆ.

"ಇದನ್ನ ಅಮ್ಮನೇ ಮಾಡಿದಳಾ?"

"ಹೂಂ."

"ನಾನು ಕ್ಷಮೆ ಕೇಳೋ ಹಾರಾನೂ ಅವಳೇ ಮಾಡಿ ಕಳಿಸಿದಳಾ?" ಅವಳ ದನಿ ಏರಲಿಲ್ಲ. "ಮತ್ತೆ ನನಗೆ ಮಾಡೋಕೆ ಏನು ಬಿಟ್ಟಿದಾಳೆ?"

ಮುಚ್ಚಳ ಹಾಕಿ ಡಬ್ಬಿ ನನ್ನ ಕೈಗೆ ವಾಪಸ್ ಕೊಟ್ಟಳು. ಬಾಗಿಲನ್ನು ನಿಧಾನವಾಗಿ ಹಾಕಿಕೊಂಡಳು.

ಭಾನುವಾರ ಅಕ್ಕ ಕೊನೆಯ ಕುರ್ಚಿಯಲ್ಲಿ ಕೂತರು. ಅವಳು ಬರಲಿಲ್ಲ. ಸೋಮವಾರ ನಾನು ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡೆ. ಅಕ್ಕ ಮೂರು ವಾರ ನನ್ನನ್ನು ಹೆಸರು ಹಿಡಿದು ಕರೆದರು. ನೋಂಗ್ ಅನ್ನಲಿಲ್ಲ. ಆ ಮೂರು ವಾರ ಡುವಾಲ್ ರಸ್ತೆ ನನಗೆ ಎಷ್ಟು ಉದ್ದ ಅನ್ನಿಸಿತು ಅಂದರೆ ಕೆಲಸವನ್ನೇ ಬಿಡುವ ಯೋಚನೆ ಮಾಡಿದೆ. ನಾಲ್ಕನೇ ವಾರ ಮಾವಿನಕಾಯಿ ಹೋಳು ಮುಂದೆ ತಳ್ಳಿ ಅಂದರು:

"ಅವಳು ಹೇಳಿದ್ದು ಸರಿ. ಕೊಡೋ ಹೂವನ್ನ ಕೊಡೋರು ತರಬೇಕು. ನಮ್ಮಮ್ಮ ನನ್ನ ಚೀಲಕ್ಕೆ ಹಾರ ಹಾಕಿ ಕಳಿಸ್ತಿರಲಿಲ್ಲ. ನಾನೇ ಯಾರದೋ ಬೇಲಿಯಿಂದ ಕದ್ದು ಕಿತ್ತು ಕಟ್ತಿದ್ದೆ. ಇನ್ನು ಮೇಲೆ ನಾನು ಮಾಡಲ್ಲ. ನೀನೂ ಇನ್ನೊಂದು ಸಲ ನಡುವೆ ಹೋಗಬೇಡ. ಆಣೆ ಮಾಡು."

ಮಣ್ಣು ಮುಟ್ಟಿ ಆಣೆ ಮಾಡಿದೆ.

ಮಾತಿನ ಹಾಗೆ 2016ರ ಆಗಸ್ಟಿನಲ್ಲಿ ಅಕ್ಕ ಮೊಗ್ಗು ಬಿಡಿಸಲಿಲ್ಲ. ಆರು ಕುಂಡದಲ್ಲೂ ಹೂವು ಅರಳಿ, ಕೆಂಪಗಾಗಿ, ಅಲ್ಲೇ ಉದುರಿದವು. ಬರಿಗೈಯಲ್ಲಿ ಹೋಗಿ ಕುರ್ಚಿಯಲ್ಲಿ ಕೂತು ಬಂದರು.

ಆ ಚಳಿಗಾಲ ನಾನು ಊರಿಗೆ ಹೋದೆ. ಅಮ್ಮ ಈಗಲೂ ಬಸ್ ಸ್ಟ್ಯಾಂಡಿನ ಪಕ್ಕ ಬುಟ್ಟಿ ಇಟ್ಟು ಕೂರುತ್ತಾಳೆ. ಜೊತೆಯಲ್ಲಿರುವ ತಮ್ಮ ಬೇಡ ಅಂದರೂ ಕೇಳುವುದಿಲ್ಲ. ಡಿಸೆಂಬರಿನಲ್ಲಿ ಮಲ್ಲಿಗೆ ಇಲ್ಲ, ಎದುರು ಸಾಲಿನ ಹೆಂಗಸಿನ ಹತ್ತಿರ ಕಾಕಡ ತೆಗೆದುಕೊಂಡೆ. ರಸ್ತೆ ದಾಟಿ ಬಂದು ಅಮ್ಮನ ಮುಂದೆ ಮಂಡಿಯೂರಿ ಕೂತು ಕೈಗೆ ಕೊಟ್ಟೆ. ಆಟೋದವರೆಲ್ಲ ನೋಡುತ್ತಿದ್ದರು.

"ಏನ್ಲಾ ಇದು?"

"ನಿಂಗೆ ಕನವ್ವ."

"ನಂಗ್ಯಾಕ್ಲಾ? ತಲೆ ಗಿಲೆ ಕೆಟ್ಟದಾ? ನಾನು ಮುಡ್ದೀನಾ?"

"ಮುಡಿಯಕ್ಕಲ್ಲ. ಕೈಲಿ ಇಟ್ಕೊ. ನಾನೇನಾರ ತಪ್ಪು ಮಾಡಿದ್ರೆ ಹೊಟ್ಟೆಗೆ ಹಾಕ್ಕೊ."

ಅಮ್ಮ ಹೂವನ್ನು ನೋಡಿದಳು, ನನ್ನನ್ನು ನೋಡಿದಳು. ಏನು ಮಾಡಬೇಕೋ ಗೊತ್ತಾಗದೆ, ಜೀವಮಾನವೆಲ್ಲ ಮಾಡಿದ ಹಾಗೆ ಮೊಣಕೈಯಿಂದ ಬೆರಳ ತುದಿಗೆ ಎಳೆದು ಮೊಳ ಹಾಕಿದಳು.

"ಅರ್ಧ ಮೊಳ ಕಮ್ಮಿ ಐತೆ. ಫಾರಿನ್ನವನು ಅಂತ ಟೋಪಿ ಹಾಕವ್ಳೆ ಅವ್ಳು."

ಅಂದವಳು ಆ ಹೂವನ್ನು ಬುಟ್ಟಿಗೆ ಹಾಕಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಸೆರಗು ಮುಚ್ಚಿದಳು. ಸಂಜೆ ಯಾರೋ ಗಿರಾಕಿ ಅದನ್ನೇ ಕೇಳಿದರೆ, "ಅದು ಮಾರಕ್ಕಲ್ಲ" ಅಂದಳು.

ಜನವರಿಯಲ್ಲಿ ವಾಪಸ್ ಬಂದು ಇದನ್ನು ಅಕ್ಕನಿಗೆ ಹೇಳಿದೆ. "ಏನು ಮಾಡಿದಳು ನಿಮ್ಮಮ್ಮ? ಅತ್ತಳಾ?" ಅಂತ ಕೇಳಿದರು. ಮೊಳ ಹಾಕಿದಳು ಅಂದಾಗ ಅಕ್ಕ ನಕ್ಕರು ನೋಡಿ. ಎಷ್ಟೋ ತಿಂಗಳ ಮೇಲೆ ಹಾಗೆ ನಕ್ಕಿದ್ದು. ನಗುತ್ತಲೇ ಹೊಟ್ಟೆ ಹಿಡಿದುಕೊಂಡು ಕುಂಡದ ಬೆಂಚಿನ ಮೇಲೆ ಕೂತುಬಿಟ್ಟರು. ಮುಖದಲ್ಲಿ ರಕ್ತ ಇರಲಿಲ್ಲ. ಆಗ ನೋಡಿದೆ, ಎರಡು ಸ್ವೆಟರಿನ ಒಳಗೆ ಮನುಷ್ಯರೇ ಇಲ್ಲದ ಹಾಗೆ ಇಳಿದುಹೋಗಿದ್ದರು. ಎರಡು ತಿಂಗಳಿಂದ ಗೊತ್ತಿತ್ತಂತೆ. ಹೊಟ್ಟೆಯ ಕ್ಯಾನ್ಸರು, ಕೈ ಮೀರಿತ್ತು.

ಆಮೇಲೆ ಇದ್ದದ್ದು ಏಳು ವಾರ. ನಾನು ಕೆಲಸ ಮುಗಿಸಿಕೊಂಡು ದಿನಾ ಆಸ್ಪತ್ರೆಗೆ ಹೋಗುತ್ತಿದ್ದೆ. ಮೊದಲು ಕುಂಡಗಳ ವಿಚಾರ ಕೇಳೋರು. "ನೀರು ಕೇಳಿ ಹಾಕಿದೆಯಾ?"

"ಮಗಳಿಗೆ ತಿಳಿಸಲಾ ಅಕ್ಕ?" ಒಂದು ದಿನ ಕೇಳಿದೆ.

"ಬೇಡ. ಕರೆದರೆ ಬರ್ತಾಳೆ, ನನಗೆ ಗೊತ್ತು. ಸಾಯ್ತಿದೀನಿ ಅಂತ ಬರೋದು ಬೇಡ. ಅವಳಾಗಿ ಬಂದರೆ ಬರಲಿ. ಆಣೆ ಮಾಡಿದ್ದೀಯ ನೀನು."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಇಂಥ ಹಾಸಿಗೆಗಳ ಪಕ್ಕ ದಿನಾ ನಿಲ್ಲುವವಳು ಅವಳು.

"ರೀ, ಫೋನ್ ಮಾಡಿಬಿಡಿ" ಅಂದಳು. "ಪೇಷಂಟ್ ಬೇಡ ಅಂತಾರೆ. ಆದರೆ ಬಾಗಿಲು ಸದ್ದಾದಾಗೆಲ್ಲ ಆ ಕಡೆ ನೋಡ್ತಾರೆ. ನೀವು ನೋಡಿಲ್ವಾ?"

ನೋಡಿದ್ದೆ. ಆದರೂ "ಇಲ್ಲ, ಒಂದು ಸಲ ಮೂಗು ತೂರಿಸಿ ಕೆಡಿಸಿದ್ದೀನಿ, ಆಣೆ ಬೇರೆ ಮಾಡಿದ್ದೀನಿ" ಅಂದೆ. ಆ ಡೆಲಿವರಿ ಚೀಟಿ, ವಿಳಾಸ ಫೋನ್ ನಂಬರ್ ಎರಡೂ ಇದ್ದದ್ದು, ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇತ್ತು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಎರಡು ಸಲ ಹೊರಗೆ ತೆಗೆದೆ. ಎರಡು ಸಲವೂ ಮಡಚಿ ಒಳಗಿಟ್ಟೆ.

ಫೆಬ್ರವರಿ ಕೊನೆಯ ಒಂದು ಬೆಳಿಗ್ಗೆ ಅಕ್ಕ ಹೋದರು.

ಮಗಳಿಗೆ ತಿಳಿಸಿದ್ದು ದೇವಸ್ಥಾನದವರು. ದಹನಕ್ಕೆ ಮುಂಚೆ ಅವರಲ್ಲಿ ಒಂದು ಕ್ರಮವಿದೆ. ಮಲಗಿಸಿದವರ ಬಲಗೈಯನ್ನು ಹೊರಗೆ ಚಾಚಿಟ್ಟಿರುತ್ತಾರೆ. ಒಬ್ಬೊಬ್ಬರೂ ಪರಿಮಳದ ನೀರನ್ನು ಆ ಅಂಗೈಯ ಮೇಲೆ ಬಿಟ್ಟು, ತಪ್ಪಾಗಿದ್ದರೆ ಕ್ಷಮಿಸು ಅನ್ನಬೇಕು. ಮಗಳು ಕೊನೆಯಲ್ಲಿ ಬಂದಳು. ನೀರು ಬಿಟ್ಟಳು. ನೀರು ಬೆರಳ ಸಂದಿಯಿಂದ ಕೆಳಗಿನ ಬಟ್ಟಲಿಗೆ ಇಳಿಯಿತು. ಆ ಕೈ ಏನನ್ನೂ ಹಿಡಿದುಕೊಳ್ಳಲಿಲ್ಲ. ಅವಳು ಬಟ್ಟಲನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದಳು.

ಹೊರಗೆ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಆ ಮೇ ತಿಂಗಳು ಅಮ್ಮ ಅಲ್ಲೇ ಕೆಲಸ ಮಾಡ್ತಾಳೆ ಅಂತ ಗೊತ್ತಿದ್ದೇ ಬಂದಿದ್ದೆ" ಅಂದಳು. "ಇಪ್ಪತ್ತು ನಿಮಿಷ ಕೌಂಟರ್ ಹತ್ರ ನಿಂತಿದ್ದೆ. ಆಚೆ ಬರ್ತಾಳೇನೋ ಅಂತ."

ಆಮೇಲೆ ನನ್ನ ಮುಖ ನೋಡಿ ಅಂದಳು:

"ಏಳು ವಾರ ಮಲಗಿದ್ದಳಂತೆ. ನನ್ನ ವಿಳಾಸ ನಿಮ್ಮ ಹತ್ರ ಇತ್ತಲ್ಲ."

ಅಷ್ಟೇ ಅಂದಿದ್ದು. ಇವತ್ತಿಗೂ ಡುವಾಲ್ ರಸ್ತೆಯಲ್ಲಿ ಒಬ್ಬನೇ ಹೋಗುವಾಗ ಆ ಮಾತು ಪಕ್ಕದ ಸೀಟಿನಲ್ಲಿ ಕೂತಿರುತ್ತದೆ.

ಬೇಡ ಅಂದಾಗ ಹೋದೆ. ಹೋಗಬೇಕಾದಾಗ ಆಣೆಯ ನೆಪ ಹಿಡಿದು ಕೂತೆ. ನನಗೆ ಆಣೆಗಿಂತ ಹೆಚ್ಚಾಗಿ ಇನ್ನೊಂದು ಸಲ ಅವಮಾನವಾದೀತು ಅನ್ನುವ ಹೆದರಿಕೆ ಇತ್ತು. ಮಣ್ಣಿಗೆ ಬೆರಳಿಟ್ಟು ಕೇಳು ಅಂತ ಐದು ವರ್ಷ ಹೇಳಿಕೊಟ್ಟರು ಅಕ್ಕ. ಬಾಗಿಲ ಕಡೆಗೆ ತಿರುಗುವ ಅವರ ಕಣ್ಣಿನಲ್ಲಿ ಏನಿತ್ತು ಅಂತ ನಾನು ಕೇಳಿಸಿಕೊಳ್ಳಲಿಲ್ಲ.

ಆ ಆಗಸ್ಟಿನಲ್ಲಿ, ಹನ್ನೆರಡರ ಬೆಳಿಗ್ಗೆ, ಮಗಳು ನರ್ಸರಿಗೆ ಬಂದಳು. ನೇರ ಮೂರನೇ ಗ್ರೀನ್‌ಹೌಸಿಗೆ. ಅಕ್ಕ ಹೇಳಿಕೊಟ್ಟ ಹಾಗೇ ಕತ್ತರಿಸಿ ನೀರು ಕಟ್ಟಿದ್ದೆ, ಆರರಲ್ಲಿ ನಾಲ್ಕು ಕುಂಡ ಮೊಗ್ಗು ಬಿಟ್ಟಿದ್ದವು. ಅವರಲ್ಲಿ ಅಮ್ಮನ ತಮ್ಮನಿಗೆ ಒಂದು ಪದವಿದೆ. ಆ ಪದದಿಂದ ನನ್ನನ್ನು ಕರೆದಳು. ನಮ್ಮಲ್ಲಾದರೆ ಮಾವ. ಕ್ಷಮಿಸಿದ್ದೇನೆ ಅಂತ ಹೇಳಲಿಲ್ಲ. ನಾನೂ ಕೇಳುವ ಧೈರ್ಯ ಮಾಡಲಿಲ್ಲ.

"ಕಟ್ಟೋದು ಹೇಳಿಕೊಡಿ. ಮೊಗ್ಗು ನಾನೇ ಬಿಡಿಸ್ತೀನಿ."

"ನನಗೆ ನಿಮ್ಮಮ್ಮನ ಹಾಗೆ ಸೂಜಿ ಹಾರ ಬರಲ್ಲ ಕಣಮ್ಮ. ಹಗ್ಗದ ಹಾಗೆ ಕಟ್ಟೋದಷ್ಟೇ ಗೊತ್ತು."

"ಪರವಾಗಿಲ್ಲ."

ಕುಂಡದ ಬೆಂಚಿನ ಮೇಲೆ ಕೂತು ದಾರವನ್ನು ಅವಳ ಬೆರಳಿಗೆ ಸಿಗಿಸಿ ತೋರಿಸಿದೆ. ಎರಡು ಮೊಗ್ಗು, ಒಂದು ಸುತ್ತು, ಒಂದು ಗಂಟು. ಅವಳ ಗಂಟು ಜಾರೋದು, ಮೊಗ್ಗು ಉದುರೋದು. ಮತ್ತೆ ಕಟ್ಟೋಳು. ಮಧ್ಯದಲ್ಲಿ ಒಂದು ಸಲ ಪಕ್ಕದ ಕುಂಡಕ್ಕೆ ಅಂಗೈಯಿಂದ ಪಟ್ ಅಂತ ಹೊಡೆದಳು, ಸಿಟ್ಟಿಗೆ. ನಾನು ಮುಖ ತಿರುಗಿಸಿಕೊಂಡೆ. ಮಧ್ಯಾಹ್ನದ ತನಕ ಕಟ್ಟಿದಳು.

ಭಾನುವಾರ ದೇವಸ್ಥಾನದ ಹಾಲಿನಲ್ಲಿ ಕೊನೆಯ ಕುರ್ಚಿಯನ್ನು ಯಾರೂ ಕೂರದೆ ಹಾಗೇ ಬಿಟ್ಟಿದ್ದರು. ಮಗಳು ತಿಳಿನೀಲಿ ಅಂಗಿ ಹಾಕಿಕೊಂಡು ಬಂದಳು. ಬಾಗಿಲಿನಿಂದಲೇ ಮಂಡಿಯೂರಿ ಬಂದಳು, ಅಷ್ಟು ದೂರ, ಇಪ್ಪತ್ತೊಂಬತ್ತು ವರ್ಷದ ಹೆಂಗಸು. ಕಟ್ಟಿದ ಹೂವನ್ನು ಕುರ್ಚಿಯ ಮೇಲೆ ಇಟ್ಟು, ಕುರ್ಚಿಯ ಕಾಲಿಗೆ ತಲೆ ಒರಗಿಸಿದಳು. ತಲೆ ಸವರಿ ಎಬ್ಬಿಸುವವರು ಇರಲಿಲ್ಲ. ಆದ್ದರಿಂದ ಯಾವಾಗ ಏಳಬೇಕೋ ಅವ‍ಳಿಗೆ ಗೊತ್ತಾಗಲಿಲ್ಲ. ಹಾಗೇ ಇದ್ದಳು. ಕೊನೆಗೆ ನನ್ನ ಹೆಂಡತಿ ಹೋಗಿ ಭುಜ ಮುಟ್ಟಿದಳು.

ಎದ್ದವಳು ಹೂವನ್ನು ನೋಡಿ, ನನ್ನ ಕಡೆ ತಿರುಗಿ ಕೇಳಿದಳು:

"ಚಿಕ್ಕದಾಯ್ತಾ?"

ಅರ್ಧ ಮೊಳ ಕಮ್ಮಿ ಇತ್ತು. ಹೂವು ಮಾರುವವಳ ಮಗ ನಾನು, ನೋಡಿದರೆ ಗೊತ್ತಾಗುತ್ತದೆ.

"ಇಲ್ಲಮ್ಮ, ಸರಿಯಾಗಿದೆ" ಅಂದೆ.

ಇದನ್ನು ಓದಿದ ನಿಮ್ಮಲ್ಲೂ ಯಾರಿಗಾದರೂ ಹೀಗಾಗಿರಬಹುದು. ಯಾರೋ "ಕರೀಬೇಡ" ಅಂದಿರಬಹುದು, ನೀವು ಕರೆದಿರಬಹುದು, ಇಲ್ಲ ನನ್ನ ಹಾಗೆ ಸುಮ್ಮನಿದ್ದಿರಬಹುದು. ಏನಾಯಿತು ಅಂತ ದಯವಿಟ್ಟು ಬರೆಯಿರಿ. ಎಷ್ಟು ಉದ್ದ ಇದ್ದರೂ ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಅಕ್ಷರದ ತಪ್ಪಿಗೆ ಮೊದಲೇ ನಿಮ್ಮಲ್ಲಿ ಕ್ಷಮೆ ಕೇಳಿದ್ದೇನೆ. ಇನ್ನೊಂದು ತಪ್ಪಿಗೆ ಕೇಳಬೇಕಾದವರ ಕೈ ಈಗ ಇಲ್ಲ. ನಿಮ್ಮ ಮನೆಯಲ್ಲಿ ಆ ಕೈ ಇನ್ನೂ ಇದ್ದರೆ, ಹೂವು ಯಾವುದಾದರೂ ಆದೀತು, ಎಷ್ಟು ಮೊಳ ಇದ್ದರೂ ಆದೀತು.